ಹಡಗಿಗೆ ಕಾದ ಮೋಟಾರ್‌ಸೈಕಲ್ಲು

ಅಲೋಯ್ಸ್ ಹಾರೆಯ ಚಪ್ಪಟೆ ತುದಿಯನ್ನು ದೊಡ್ಡ ಮರದ ಪೆಟ್ಟಿಗೆಯ ಎರಡು ಹಲಗೆಗಳ ಸಂದಿಗೆ ತುರುಕಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಮರ ಕಿರುಗುಟ್ಟಿತೇ ಹೊರತು ಜಗ್ಗಲಿಲ್ಲ.

"ಅದು ಮೊಳೆಯಲ್ಲ ಮಾರಾಯ, ತಿರುಪು," ಎಂದ ರಾಡಿಮ್, ಕೊಟ್ಟಿಗೆಯ ಬಾಗಿಲಿಗೆ ಒರಗಿಕೊಂಡು. "ಅರವತ್ನಾಲ್ಕು ತಿರುಪು. ಒಟಕಾರ್ ಒಂದೊಂದಕ್ಕೂ ಸಾಬೂನು ಸವರಿ ಕೂರಿಸಿದಾನೆ. ಹಾರೆ ಆಚೆ ಇಡು, ಮರಕ್ಕೆ ನೋವಾಗುತ್ತೆ."

ಅಡುಗೆಮನೆಯ ಕಿಟಕಿಯಿಂದ ಇದನ್ನು ಕಂಡ ಬ್ಲಾಂಕಾ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಅಂಗಳಕ್ಕೆ ಬಂದುಬಿಟ್ಟಳು. ಇನ್ನೊಂದು ಕಾಲಿನ ಕಪ್ಪು ಕಾಲುಚೀಲ ಇಬ್ಬನಿಗೆ ಒದ್ದೆಯಾಯಿತು. ಗಂಡ ಒಟಕಾರ್ ತೀರಿಕೊಂಡು ನಾಲ್ಕು ದಿನವಾಗಿತ್ತು. ಈ ನಾಲ್ಕು ದಿನವೂ ಅವಳಿಗೆ ಎಲ್ಲವೂ ನೀರಿನೊಳಗಿಂದ ನೋಡಿದಂತೆ ಕಾಣುತ್ತಿತ್ತು. ಜನ ಬರುತ್ತಿದ್ದರು, ಬಾಯಿ ಆಡಿಸುತ್ತಿದ್ದರು, ಹೋಗುತ್ತಿದ್ದರು. ಈ ಕಿರುಗುಟ್ಟುವ ಸದ್ದೊಂದು ಮಾತ್ರ ನೇರವಾಗಿ ಕಿವಿಗೆ ಬಿದ್ದಿತ್ತು.

ಊರಿನ ಹಳೆಯ ಗಾಡಿಗಳ ಸಂಘಕ್ಕೆ ಅಲೋಯ್ಸ್ ಅಧ್ಯಕ್ಷ. ದೊಡ್ಡ ಹೊಟ್ಟೆ, ದೊಡ್ಡ ದನಿ, ಮನಸ್ಸು ಮಾತ್ರ ಬೆಣ್ಣೆ. ಅವನು ಟೊಪ್ಪಿ ತೆಗೆದು ವಿಷಯ ಹೇಳಿದ. ಎರಡು ಗಂಟೆಗೆ ಚರ್ಚಿನಿಂದ ಶವಪೆಟ್ಟಿಗೆ ಹೊರಡುತ್ತದೆ. ಹೊರುವವರು ಅಗ್ನಿಶಾಮಕ ದಳದ ಆರು ಜನ, ಹಿಂದೆ ಬ್ಯಾಂಡು. ಎಲ್ಲಕ್ಕಿಂತ ಮುಂದೆ ಈ ಪೆಟ್ಟಿಗೆಯೊಳಗಿನ ಒಟಕಾರ್‌ನ ಮೋಟಾರ್‌ಸೈಕಲ್ಲೇ ಹೋಗಬೇಕೆಂದು ಸಂಘದವರು ತೀರ್ಮಾನಿಸಿದ್ದರು. ಒಟಕಾರ್‌ನ ತಂಗಿ ಯಾರ್ಮಿಲಾಳನ್ನು ಕೇಳಿದ್ದರಂತೆ, ಅವಳು ಒಪ್ಪಿದ್ದಳಂತೆ.

"ಅದರ ಇಂಜಿನ್ನು ಹತ್ತಲ್ಲ," ಎಂದಳು ಬ್ಲಾಂಕಾ.

"ಹತ್ತದಿದ್ರೆ ತಳ್ಕೊಂಡು ಹೋಗ್ತೀವಿ. ಆದ್ರೆ ಒಂದ್ಸಲ ನೋಡ್ತೀವಮ್ಮ. ಕಪ್ತಾನನ್ನ ಸದ್ದಿಲ್ದೆ ಕಳ್ಸೋಕಾಗುತ್ತಾ?"

ಒಟಕಾರ್‌ನನ್ನು ಊರೆಲ್ಲ ಕಪ್ತಾನ ಎಂದೇ ಕರೆಯುತ್ತಿತ್ತು. ಹುಡುಕಿದರೂ ಒಂದು ಮೊಳ ಸಮುದ್ರ ಸಿಗದ ದೇಶದಲ್ಲಿ ಇಪ್ಪತ್ತೇಳು ವರ್ಷ ಹಡಗಿಗೆಂದು ಪೆಟ್ಟಿಗೆ ಕಟ್ಟಿಟ್ಟುಕೊಂಡವನಿಗೆ ಬೇರೆ ಯಾವ ಹೆಸರು ಇಡಬೇಕು? ಪೆಟ್ಟಿಗೆಯ ಪಕ್ಕಕ್ಕೆ ಅವನೇ ಬಿಳಿ ಬಣ್ಣದಲ್ಲಿ ಬರೆದಿದ್ದ: ಹ್ಯಾಂಬರ್ಗ್ – ಬ್ಯುನಸ್ ಐರಿಸ್. ಕೆಳಗೆ ಬಾಣ ಎಳೆದು, 'ಈ ಬದಿ ಮೇಲೆ' ಎಂದು. ಆ ಬದಿ ಇಪ್ಪತ್ತೇಳು ವರ್ಷವೂ ಮೇಲೆಯೇ ಇತ್ತು, ಅದರ ಮೇಲೆ ಬೆಕ್ಕು ಮರಿ ಹಾಕುತ್ತಿತ್ತು.

ರಾಡಿಮ್ ಮೊದಲ ತಿರುಪನ್ನು ಬಿಚ್ಚಿದ. ಬೆಣ್ಣೆಯಿಂದ ಚಾಕು ಎಳೆದಷ್ಟು ಸಲೀಸಾಗಿ ಅದು ಕೈಗೆ ಬಂತು. ಬ್ಲಾಂಕಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನು ಅರವತ್ಮೂರು ಬಿಚ್ಚಿದರೆ ಇಂಜಿನ್ನು ಕಾಣುತ್ತದೆ. ಸಂಘದವರು ಹತ್ತು ಸಲ ಕಿಕ್ಕು ಒದೆಯುತ್ತಾರೆ, ಹತ್ತುವುದಿಲ್ಲ. ಆಮೇಲೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಮುಚ್ಚಳ ತೆಗೆಯುತ್ತಾರೆ. ಒಳಗೆ ಇರಬೇಕಾದ್ದು ಇರುವುದಿಲ್ಲ. ಅದು ತಾನಾಗಿ ಬಿದ್ದುಹೋಗುವಂಥದ್ದಲ್ಲ, ಯಾರೋ ಬಿಚ್ಚಿದ್ದು ಎಂದು ಆ ಗುಂಪಿನಲ್ಲಿ ಒಬ್ಬನಿಗಾದರೂ ಹೊಳೆಯದೆ ಇರುತ್ತದೆಯೇ?

* * *

ಆ ಗಾಡಿ ಒಟಕಾರ್‌ನ ಸೋದರಮಾವನದು, ಯುದ್ಧಕ್ಕೆ ಮೊದಲಿನದು. ಪ್ರಾಗ್‌ನ ಯಾವುದೋ ಸಣ್ಣ ಕಾರ್ಖಾನೆ ಅಂಥ ಮುನ್ನೂರನ್ನೋ ನಾನೂರನ್ನೋ ಮಾಡಿ ಬಾಗಿಲು ಹಾಕಿತ್ತು. ಹುಲ್ಲಿನ ಬಣವೆಯ ಅಡಿಯಲ್ಲಿ ಅದು ಸಿಕ್ಕಾಗ ಒಟಕಾರ್‌ಗೆ ಹದಿನೆಂಟು. ಮದುವೆಯ ವರ್ಷ ಬ್ಲಾಂಕಾ ಅದರ ಹಿಂದೆ ಕುಳಿತು ಸುತ್ತಲಿನ ಏಳು ಊರುಗಳ ಕುಣಿತಕ್ಕೆ ಹೋಗಿದ್ದಳು. ಆ ವರ್ಷವೇ ಅವನು ದಕ್ಷಿಣ ಅಮೆರಿಕದ ಭೂಪಟವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಭೂಮಿಯ ಬಾಲ ಮುಗಿಯುವಲ್ಲಿಗೆ ಬೆರಳಿಟ್ಟು, ಇಲ್ಲಿಯವರೆಗೆ ಎಂದಿದ್ದ.

ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆಯಲ್ಲಿ ಪಾಸ್‌ಪೋರ್ಟು ಕೈಗೆ ಬಂತು. ಆಗಸ್ಟಿನಲ್ಲಿ ಊರ ಚೌಕಕ್ಕೆ ಪರದೇಶದ ಸೈನ್ಯದ ಟ್ಯಾಂಕುಗಳು ಬಂದವು. ಮರುವರ್ಷ ಗಡಿ ಮುಚ್ಚಿತು. ಒಟಕಾರ್ ಸಹಕಾರಿ ಬೇಸಾಯದ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿಯೇ ಉಳಿದ. ಹೋಗುವುದಕ್ಕಿಲ್ಲದಿದ್ದರೇನು, ಸಿದ್ಧವಾಗುವುದನ್ನು ಯಾರೂ ನಿಷೇಧಿಸಿರಲಿಲ್ಲವಲ್ಲ. ಅವನು ಬಿಡಿಭಾಗಗಳನ್ನು ಕೂಡಿಡತೊಡಗಿದ. ಸವೆದ ಟ್ರ್ಯಾಕ್ಟರಿನಿಂದ, ಗುಜರಿಯಿಂದ, ಇಲ್ಲವೇ ಗೆಳೆಯ ರಾಡಿಮ್‌ನ ಲೇತ್ ಯಂತ್ರದಿಂದ. ಒಂದೊಂದನ್ನೂ ಮೇಣದ ಕಾಗದದಲ್ಲಿ ಸುತ್ತಿ, ತಗಡಿನ ಚೀಟಿ ಕಟ್ಟಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಜೋಡಿಸುತ್ತಿದ್ದ.

ಜಗತ್ತಿನಲ್ಲಿ ಎಲ್ಲರೂ ಪ್ರಯಾಣವೆಂದರೆ ಊರುಗಳನ್ನು ನೆನೆಯುತ್ತಾರೆ. ಒಟಕಾರ್ ಕೆಡುವ ಜಾಗಗಳನ್ನು ನೆನೆಯುತ್ತಿದ್ದ. ಚೈನು ಉಪ್ಪಿನ ಬಯಲಲ್ಲಿ ಕಡಿಯುತ್ತದೆ. ಕ್ಲಚ್ಚಿನ ತಂತಿ ಬೊಲಿವಿಯಾದ ಮೂರನೆಯ ಏರಿನಲ್ಲಿ. ದಕ್ಷಿಣದಲ್ಲಿ ಗಾಳಿ ಅಡ್ಡಕ್ಕೆ ಬೀಸುವುದರಿಂದ ಚಕ್ರದ ಎಡಗಡೆಯ ಕಡ್ಡಿಗಳೇ ಮೊದಲು ಹೋಗುತ್ತವೆ, ಆದ್ದರಿಂದ ಎಡಕ್ಕೆ ಹನ್ನೆರಡು, ಬಲಕ್ಕೆ ಆರು. ರಾತ್ರಿಯೂಟಕ್ಕೆ ಕೂತಾಗ, ಇವತ್ತು ಎರಡನೇ ತಂತಿ ಸುತ್ತಿಟ್ಟೆ, ಬೆಟ್ಟ ದಾಟಿದಂತಾಯಿತು ಎನ್ನುತ್ತಿದ್ದ. ಅಲ್ಲಿ ಚಳಿ ಇತ್ತೇ ಎಂದು ಬ್ಲಾಂಕಾ ಕೇಳುತ್ತಿದ್ದಳು. ವಿಪರೀತ, ಎನ್ನುತ್ತಿದ್ದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸೂಪು ಹಾಕುತ್ತಿದ್ದಳು.

ಎಲ್ಲ ಭಾಗಕ್ಕೂ ಕಡಿಮೆಯೆಂದರೂ ಎರಡೆರಡು ಬದಲಿ ಇದ್ದವು. ಒಂದಕ್ಕೆ ಮಾತ್ರ ಇರಲಿಲ್ಲ. ಮ್ಯಾಗ್ನೆಟೊದ ಮುಚ್ಚಳದೊಳಗೆ ಕಿಡಿಯನ್ನು ಕತ್ತರಿಸಿ ಕಳಿಸುವ ಬಿಲ್ಲೆ, ಕೋಟಿನ ಗುಂಡಿಯಷ್ಟಗಲದ್ದು. ಅದನ್ನು ಮಾಡಿದ ಜರ್ಮನ್ ಕಾರ್ಖಾನೆ ಬಾಂಬು ಬಿದ್ದು ಹೋಗಿತ್ತು. ಇದೊಂದು ಹೋದರೆ ಇಡೀ ಗಾಡಿ ಬರೀ ಕಬ್ಬಿಣ ಎಂದು ಅವನು ಎಷ್ಟು ಸಲ ಕೊರಗಿದ್ದನೆಂದರೆ, ಕದಿಯಬೇಕಾದದ್ದು ಯಾವುದೆಂದು ಬ್ಲಾಂಕಾ ಯಾರನ್ನೂ ಕೇಳಬೇಕಾಗಿರಲಿಲ್ಲ.

ಎಂಬತ್ತೊಂಬತ್ತರ ಕೊನೆಗೆ ಗಡಿ ತೆರೆದು ಎರಡು ವರ್ಷ ಕಳೆದ ಮೇಲೆ ಅವನು ಪೆಟ್ಟಿಗೆ ಕಟ್ಟಿದ. ಹ್ಯಾಂಬರ್ಗಿನಲ್ಲಿ ಹಡಗು ಗೊತ್ತುಮಾಡಿದ. ಎಂಟು ತಿಂಗಳಿಗೆ ಬಂದುಬಿಡುತ್ತೇನೆ ಎಂದ. ಬ್ಲಾಂಕಾಳ ಅಪ್ಪನೂ ಸರ್ಕಾರ ಬದಲಾದ ನಲವತ್ತೆಂಟರಲ್ಲಿ ಹದಿನೈದು ದಿನಕ್ಕೆ ಬಂದುಬಿಡುತ್ತೇನೆ ಎಂದು ಹೇಳಿ, ಸೈಕಲ್ಲಿನ ಹಿಂದೆ ಒಂದು ಚೀಲ ಕಟ್ಟಿಕೊಂಡು ಗಡಿಯ ಕಡೆ ಹೋದವನು. ಅವಳ ಅಮ್ಮ ನಲವತ್ತು ವರ್ಷ ಪ್ರತಿ ಭಾನುವಾರ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು. ಆ ಖಾಲಿ ತಟ್ಟೆಯನ್ನು ತೊಳೆಯುವ ಕೆಲಸ ಮಗಳದು.

ಗಂಡ ಕಾಗದಪತ್ರಕ್ಕೆಂದು ಬ್ರ್ನೊ ನಗರಕ್ಕೆ ಹೋದ ದಿನ, ನಡುಹಗಲಲ್ಲಿ, ಬ್ಲಾಂಕಾ ಕೊಟ್ಟಿಗೆಗೆ ಹೋಗಿ ಚಿಕ್ಕ ಸ್ಪ್ಯಾನರಿನಿಂದ ಆ ಬಿಲ್ಲೆಯನ್ನು ಬಿಚ್ಚಿದಳು. ಗುಂಡಿಗಳ ಡಬ್ಬಿಯ ತಳದಲ್ಲಿ ಹಾಕಿಟ್ಟಳು. ಮೂರು ದಿನದ ನಂತರ, ಪೆಟ್ಟಿಗೆ ಮುಚ್ಚುವ ಮುಂಚೆ, ಒಟಕಾರ್ ಕೊನೆಯ ಸಲವೆಂದು ಗಾಡಿಯನ್ನು ಒದ್ದ. ಹತ್ತಲಿಲ್ಲ. ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ. ಹಿಟ್ಟು ನಾದುತ್ತಿದ್ದ ಬ್ಲಾಂಕಾ ಕಿಟಕಿಯಿಂದ ಅವನ ಬೆನ್ನನ್ನಷ್ಟೇ ಕಂಡಳು. ಒಳಗೆ ಬಂದವನು ಕೈ ತೊಳೆದುಕೊಂಡ. "ಬಿಲ್ಲೆ ಎಲ್ಲೋ ಬಿದ್ದ್ಹೋಗಿದೆ. ಈ ವರ್ಷ ಹಡಗಿಲ್ಲ," ಎಂದು ಊಟಕ್ಕೆ ಕೂತ.

ಆಮೇಲೆ ಪ್ರತಿ ಮಾರ್ಚಿನಲ್ಲೂ ಪೆಟ್ಟಿಗೆ ಬಿಚ್ಚುವುದು, ಒಣಗಿದ ರಬ್ಬರು ಬದಲಿಸುವುದು, ಗ್ರೀಸು ಹಚ್ಚುವುದು, ಮತ್ತೆ ಅರವತ್ನಾಲ್ಕು ತಿರುಪು. ಜರ್ಮನಿಗೆ ಬರೆದಿದ್ದೇನೆ ಎನ್ನುತ್ತಿದ್ದ. ಆ ಬಿಲ್ಲೆಯೊಂದು ಸಿಕ್ಕಿದರೆ ನಾಳೆಯೇ ಹೊರಡಬಹುದು ನೋಡು ಎನ್ನುತ್ತಿದ್ದ. ಒಂದು ಸಲ ಕೋಟಿಗೆ ಗುಂಡಿ ಹಾಕಿಕೊಡೆಂದು ಡಬ್ಬಿಯನ್ನು ತಾನೇ ತಂದು ಅವಳ ಮುಂದಿಟ್ಟು ಎದುರಿಗೇ ಕುಳಿತಿದ್ದ. ಅವಳು ಮೇಲೇ ಸಿಕ್ಕ ಗುಂಡಿ ತೆಗೆದುಕೊಂಡು ಡಬ್ಬಿ ಮುಚ್ಚಿದ್ದಳು. ಬಣ್ಣ ಹೊಂದಲಿಲ್ಲ. ಆ ಕೋಟನ್ನು ಅವನು ಹಾಗೆಯೇ ಹಾಕಿಕೊಂಡ.

* * *

ಅಡುಗೆಮನೆ ತುಂಬ ಬೆಣ್ಣೆ, ಗಸಗಸೆ, ಪ್ಲಮ್ ಜಾಮಿನ ವಾಸನೆ. ಯಾರ್ಮಿಲಾ ಇನ್ನೂರು ಕೊಲಾಚೆ ಸಿಹಿಬನ್ನುಗಳನ್ನು ತಟ್ಟೆಗಳಿಗೆ ಜೋಡಿಸುತ್ತಿದ್ದಳು. ಸತ್ತವರ ಮನೆಯ ಸಿಹಿ ತಿನ್ನದೆ ಆ ಊರಿನಲ್ಲಿ ಯಾರೂ ಹೋಗುವುದಿಲ್ಲ, ಕೆಲವರು ಅದಕ್ಕಾಗಿಯೇ ಬರುತ್ತಾರೆ. ಯಾರ್ಮಿಲಾಳ ಬಾಯಿ ಹರಿತ, ಆದರೆ ಅಣ್ಣನೆಂದರೆ ಪ್ರಾಣ. ಅವಳು ತಲೆ ಎತ್ತದೆಯೇ ಶುರುಮಾಡಿದಳು.

"ಒಂದು ಗುಂಡಿಯಷ್ಟು ಕಬ್ಬಿಣ, ಅತ್ತಿಗೆ. ಅಷ್ಟಕ್ಕೆ ನಮ್ಮಣ್ಣನ ಆಯುಷ್ಯ ಕೊಟ್ಟಿಗೇಲೇ ಮುಗ್ದ್ಹೋಯ್ತು. ಹುಟ್ದಾಗಿಂದ ಅವ್ನು ಬಾಯ್ಬಿಟ್ಟು ಕೇಳಿದ್ದು ಅದೊಂದನ್ನೇ."

ಬ್ಲಾಂಕಾ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ಊರಿನ ಹಿಂದಿನ ಏರು ತುಂಬ ಸಾಸಿವೆ ಹೊಲ ಹೂ ಬಿಟ್ಟಿತ್ತು. ಆ ಹಳದಿ ಎಷ್ಟು ದಟ್ಟವಾಗಿತ್ತೆಂದರೆ ಅಡುಗೆಮನೆಯ ಸೂರು ಕೂಡ ಹಳದಿಯಾಗಿ ಕಾಣುತ್ತಿತ್ತು. ಚರ್ಚಿನ ಹಿಂದೆ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಒಂದೇ ಸಾಲನ್ನು ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಊದುತ್ತಿದ್ದರು, ನಿದ್ದೆಯಲ್ಲಿ ಮಾತಾಡುವವರಂತೆ. ಕೊಟ್ಟಿಗೆಯಲ್ಲಿ ತಿರುಪುಗಳು ತಗಡಿನ ಬಟ್ಟಲಿಗೆ ಟಣ್ ಟಣ್ ಎಂದು ಬೀಳುತ್ತಿದ್ದವು. ಅವಳು ತನಗೆ ಗೊತ್ತಿಲ್ಲದೆಯೇ ಎಣಿಸುತ್ತಿದ್ದಳು. ಐವತ್ತು ದಾಟಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಹತ್ತದ ಗಾಡಿಯನ್ನು ತಳ್ಳಿಕೊಂಡು ಹೋಗುತ್ತಿದ್ದರು, ಕಳೆದುಹೋದ ಬಿಲ್ಲೆಯ ಕತೆ ಊರಿಗೆಲ್ಲ ಗೊತ್ತೇ ಇತ್ತು. ಆದರೆ ತನ್ನ ಗಂಡ ಇವತ್ತೂ ಸದ್ದಿಲ್ಲದೆ ಹೋಗಬೇಕು, ಅದೂ ತನ್ನಿಂದ ಎಂಬುದು ಅವಳಿಗೆ ಸಹಿಸಲಾಗಲಿಲ್ಲ. ಗೋರಿಯ ಬಾಯಿಗೆ ಬಂದ ಮೇಲಾದರೂ ಕೊಟ್ಟುಬಿಡಬೇಕು ಅನ್ನಿಸಿತು. ಅವಳು ಕಪಾಟಿನಿಂದ ಗುಂಡಿಗಳ ಡಬ್ಬಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು.

"ಈಗ ಗುಂಡಿ ಯಾಕೆ?" ಎಂದಳು ಯಾರ್ಮಿಲಾ.

"ಒಂದು ಕಿತ್ತುಹೋಗಿದೆ," ಎಂದು ಬ್ಲಾಂಕಾ ಹೊರಗೆ ನಡೆದಳು.

ಪೆಟ್ಟಿಗೆಯ ಮುಚ್ಚಳ, ನಾಲ್ಕು ಗೋಡೆ ಎಲ್ಲ ಕಳಚಿ ಗಾಡಿ ನೆಲಕ್ಕೆ ಇಳಿದಿತ್ತು. ಸುತ್ತ ಬಿಸ್ಕತ್ತಿನ ಡಬ್ಬಿಗಳು. ಬಿಲ್ಲೆ ಮುಷ್ಟಿಯಲ್ಲಿಟ್ಟುಕೊಂಡೇ ಅವಳು ಅಲೋಯ್ಸ್‌ಗೆ, ಟ್ಯಾಂಕು ಬರಿದಾಗಿರುತ್ತದೆ, ಪೆಟ್ರೋಲು ತಂದುಕೊಡು ಎಂದಳು. ಎರಡು ಲೀಟರು ಆಗಲೇ ಹಾಕಿದ್ದೇವೆ ಎಂದ. ಇನ್ನೆರಡು ತಾ ಎಂದಳು. ದುಃಖದ ಮನೆಯವರ ಜೊತೆ ವಾದ ಮಾಡಬಾರದೆಂದು ಅವನು ಹೊರಟ.

ರಾಡಿಮ್ ಒಬ್ಬನೇ ಉಳಿದ. ಎಪ್ಪತ್ತೆರಡರ ಮುದುಕ, ಲೇತಿನ ಮೇಲೆ ಬಾಗಿ ಬಾಗಿ ಬೆನ್ನು ಹಾಗೆಯೇ ನಿಂತುಬಿಟ್ಟಿತ್ತು. ಬ್ಲಾಂಕಾ ಅವನೆದುರು ಮುಷ್ಟಿ ಬಿಚ್ಚಿದಳು.

"ಇದನ್ನ ಹಾಕು. ನಾನೇ ತೆಗ್ದಿದ್ದು."

ರಾಡಿಮ್ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಗಾಡಿಯ ಪಕ್ಕಕ್ಕೆ ಹೋಗಿ, ಕಿಕ್ಕಿನ ಮೇಲೆ ಕಾಲಿಟ್ಟ. ಅದಿಲ್ಲದೆ ಏನು ಒದೆಯುತ್ತೀಯ ಎಂದು ಬ್ಲಾಂಕಾ ಹೇಳುವಷ್ಟರಲ್ಲಿ ಒಂದು ಸಲ ಒದ್ದ. ಇಂಜಿನ್ನು ಕೆಮ್ಮಿತು. ಎರಡನೆಯ ಸಲ ಒದ್ದ. ಮೂರನೆಯದಕ್ಕೆ ಹತ್ತಿ ಗುಡುಗಿತು.

ಕೊಟ್ಟಿಗೆಯಲ್ಲಿದ್ದ ಧೂಳೆಲ್ಲ ಎದ್ದು ಬಿಸಿಲಿನಲ್ಲಿ ನಿಂತಿತು. ಗುಬ್ಬಿಗಳು ಹಾರಿದವು. ಆ ಸದ್ದು ಬ್ಲಾಂಕಾಳ ಪಾದದಿಂದ ಹತ್ತಿ ಮೊಣಕಾಲಿಗೆ ಬಂತು, ಇಪ್ಪತ್ತೆರಡು ವರ್ಷದವಳಾಗಿದ್ದಾಗ ಬರುತ್ತಿದ್ದ ಹಾಗೆಯೇ. ಅವಳು ಒಂದು ಡಬ್ಬಿಯ ಮೇಲೆ ಕುಳಿತಳು. ಉಪ್ಪಿನ ಬಯಲಿನ ಚೈನುಗಳಿದ್ದ ಡಬ್ಬಿ ಅದು.

ರಾಡಿಮ್ ಇಂಜಿನ್ನನ್ನು ನಿಧಾನಕ್ಕೆ ಇಳಿಸಿ ಎದುರಿಗೆ ಕುಕ್ಕರಗಾಲಲ್ಲಿ ಕೂತ. ತೊಂಬತ್ತೆರಡರಲ್ಲೇ, ಹಡಗು ತಪ್ಪಿದ ಮರುವಾರ, ಒಟಕಾರ್ ಅವನ ಲೇತಿನ ಹತ್ತಿರ ಬಂದಿದ್ದನಂತೆ. ಬಿಲ್ಲೆಯ ಅಳತೆಯೆಲ್ಲ ಅವನ ನೋಟುಪುಸ್ತಕದಲ್ಲಿತ್ತು. ಅದುವರೆಗೆ ತಮ್ಮ ಕೈಲಾಗದೆಂದುಕೊಂಡಿದ್ದ ಹೊಸ ಬಿಲ್ಲೆ ಒಂದು ಮಧ್ಯಾಹ್ನದಲ್ಲೇ ಲೇತಿನಿಂದ ಇಳಿಯಿತಂತೆ. ಬ್ಲಾಂಕಾ ಚರ್ಚಿಗೆ ಹೋಗಿದ್ದಾಗ ಇಬ್ಬರೂ ಕೂರಿಸಿ, ಒಂದು ಸಲ ಹತ್ತಿಸಿ ನೋಡಿ, ಆರಿಸಿ, ಮುಚ್ಚಿಟ್ಟರಂತೆ.

"ನಾನೇ ಅಂತ ಅವ್ನಿಗೆ ಹೇಗೆ ಗೊತ್ತಾಯ್ತು?"

"ಸ್ಪ್ಯಾನರು," ಎಂದ ರಾಡಿಮ್. "ಒರೆಸಿ ಇಟ್ಟಿದ್ದೆ ನೀನು. ಈ ಊರಲ್ಲಿ ಸ್ಪ್ಯಾನರ್ ಒರೆಸಿಡೋ ಕಳ್ಳಿ ಒಬ್ಬಳೇ ಇರೋದು ಅಂದ."

ಬ್ಲಾಂಕಾಳಿಗೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟು ಬಂತು, ಈ ನಾಲ್ಕು ದಿನದಲ್ಲಿ ಅವಳಿಗೆ ಸ್ಪಷ್ಟವಾಗಿ ಬಂದ ಮೊದಲ ಭಾವ. ಇಪ್ಪತ್ತೇಳು ವರ್ಷ ತನ್ನನ್ನು ಕಳ್ಳಿಯಾಗಿಯೇ ಇಟ್ಟುಕೊಂಡನಲ್ಲ. ಪ್ರತಿ ಮಾರ್ಚಿನಲ್ಲೂ ತಾನು ತಟ್ಟೆ ಮುಟ್ಟದೆ ಕೂತಿದ್ದರೆ, ಎದುರಿಗೆ ಕೂತು ಸೂಪು ಕುಡಿಯುತ್ತಿದ್ದನಲ್ಲ. ಗಾಡಿ ಸರಿಯಿದ್ದ ಮೇಲೆ ಹೋಗದೆ ಯಾಕಿದ್ದ ಎಂದು ಅವಳು ಜಗಳಕ್ಕೆ ನಿಂತವಳಂತೆ ಕೇಳಿದಳು.

ರಾಡಿಮ್ ಟೊಪ್ಪಿಯ ಅಂಚನ್ನು ತಿರುಗಿಸುತ್ತ ಕೂತ. ಹೇಳಬಾರದೆಂದು ಮಾತು ಕೊಟ್ಟಿದ್ದ, ಮಾತು ತೆಗೆದುಕೊಂಡವನು ಈಗ ಇರಲಿಲ್ಲ.

"ನಾನು ಪ್ರತಿ ವರ್ಷ ಕೇಳ್ತಿದ್ದೆ. ಮೊದಮೊದ್ಲು, ಬೇಡ ಬಿಡು, ಅವಳು ಈಗ ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾಳೆ ಅಂತಿದ್ದ. ಆಮೇಲಾಮೇಲೆ ಬೇರೆ ಮಾತು ಹೇಳ್ತಿದ್ದ."

"ಏನಂತ?"

"ಅವಳೇ ತಂದು ಕೊಡ್ಲಿ ರಾಡಿಮ್, ಆಗ ಹೊರಡ್ತೀನಿ ಅಂತ."

ಆ ಹೊಂದದ ಗುಂಡಿಯ ಕೋಟು ಬ್ಲಾಂಕಾಳ ಕಣ್ಣ ಮುಂದೆ ಬಂತು. ಡಬ್ಬಿಯ ಮುಚ್ಚಳ ತೆಗೆದಿತ್ತು, ಅವನು ಎದುರಿಗೆ ಕೂತಿದ್ದ, ಅವಳು ಕೈಯನ್ನು ಇನ್ನೂ ಒಂದು ಗೇಣು ಆಳಕ್ಕೆ ಇಳಿಸಿದ್ದರೆ ಸಾಕಿತ್ತು. ಪ್ರತಿ ಮಾರ್ಚಿನಲ್ಲೂ ಅವನು ಆ ಬಿಲ್ಲೆಯನ್ನು ಕೇಳುತ್ತಲೇ ಇದ್ದ, ತನಗೆ ಅದು ಕೇಳಿಸಿರಲಿಲ್ಲ. ಅವಳು ಕಪ್ಪು ಉಡುಪಿನ ತೋಳಿಗೇ ಮುಖ ಒತ್ತಿಕೊಂಡು ಅತ್ತಳು. ನಾಲ್ಕು ದಿನದಿಂದ ಬಾರದ ಅಳು. ಪೆಟ್ರೋಲಿನ ಡಬ್ಬ ಹಿಡಿದು ಬಂದ ಅಲೋಯ್ಸ್ ಬಾಗಿಲಲ್ಲೇ ತಿರುಗಿ ಹೊರಟುಹೋದ.

* * *

ಎರಡು ಗಂಟೆಗೆ ಚರ್ಚಿನ ಗಂಟೆ ಹೊಡೆಯಿತು. ಊರಿಗೂರೇ ಚೌಕದಲ್ಲಿ ಸೇರಿತ್ತು. ಗಾಡಿ ಹತ್ತಿದ್ದು ಹೇಗೆಂದು ಎಲ್ಲರಿಗೂ ಕುತೂಹಲ. ಹಳೆಯ ಬಿಲ್ಲೆ ಸಿಕ್ಕಿತು ಎಂದಷ್ಟೇ ರಾಡಿಮ್ ಹೇಳಿದ. ಎಲ್ಲಿ ಸಿಕ್ಕಿತೆಂದು ಕೇಳಿದವರಿಗೆ, ಇರುವಲ್ಲೇ ಇತ್ತು ಎಂದ. ಅಷ್ಟರಲ್ಲಿ ಬ್ಲಾಂಕಾ ಪಾದ್ರಿಯ ಪಕ್ಕದ ತನ್ನ ಜಾಗ ಬಿಟ್ಟು ಮುಂದೆ ಬಂದಳು. ಕಪ್ಪು ಲಂಗವನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಗಾಡಿ ನಡೆಸಲು ಕೂತಿದ್ದ ರಾಡಿಮ್‌ನ ಹಿಂದಿನ ಸೀಟಿನ ಮೇಲೆ ಕುಳಿತುಬಿಟ್ಟಳು.

"ಅತ್ತಿಗೆ, ಜನ ಏನಂದಾರು," ಎಂದು ಯಾರ್ಮಿಲಾ ಪಿಸುಗುಟ್ಟಿದಳು.

"ಅನ್ಲಿ ಬಿಡು. ತಿನ್ನೋಕೆ ಕೊಲಾಚೆ ಇದೆ, ಜೊತೆಗೆ ಮಾತೂ ಬೇಕಲ್ಲ."

ಗಾಡಿ ನಡೆಯುವವರ ವೇಗದಲ್ಲಿ ಹೊರಟಿತು. ಚೆಸ್ಟ್‌ನಟ್ ಮರಗಳಿಂದ ಬಿಳಿ ಹೂವು ಉದುರಿ ರಸ್ತೆ ಮೆತ್ತಗಾಗಿತ್ತು. ಹಿಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಆರು ಹೆಗಲ ಮೇಲೆ ಒಟಕಾರ್. ಬ್ಲಾಂಕಾಳಿಗೆ ಊರು ಪಕ್ಕದಿಂದ ತೇಲಿಹೋಗುತ್ತಿರುವಂತೆ ಅನ್ನಿಸಿತು: ಬೇಕರಿ, ಟ್ರ್ಯಾಕ್ಟರ್ ಶೆಡ್ಡು, ಊರ ಸುದ್ದಿ ಫಲಕದ ಗಾಜಿನೊಳಗೆ ಗಂಡನ ಸಾವಿನ ಓಲೆ, ಕುಣಿತದ ಹಳೆಯ ಮನೆ. ಇಂಜಿನ್ನಿನ ಬಿಸಿ ಕಾಲುಚೀಲವನ್ನು ದಾಟಿ ಬರುತ್ತಿತ್ತು.

ಸ್ಮಶಾನದ ಗೇಟು ಬಂದಾಗ ರಾಡಿಮ್ ವೇಗ ತಗ್ಗಿಸಿದ. ಬ್ಲಾಂಕಾ ಅವನ ಹೆಗಲ ಮೇಲೆ ಕೈಯಿಟ್ಟಳು.

"ನಿಲ್ಲಿಸ್ಬೇಡ."

"ಎಲ್ಲಿಗೆ?"

"ಮುಂದಕ್ಕೆ."

ರಾಡಿಮ್ ಗೇರು ಬದಲಿಸಿದ. ಗಾಡಿ ಗೇಟನ್ನು ದಾಟಿ, ಊರಿನ ಕೊನೆಯ ಫಲಕವನ್ನು ದಾಟಿ, ಹಳದಿ ಹೊಲಗಳ ನಡುವಿನ ಏರನ್ನು ಹಿಡಿಯಿತು. ಬ್ಯಾಂಡಿನ ಸಾಲು ಅರ್ಧಕ್ಕೆ ತುಂಡಾಯಿತು. ಗಾಳಿ ಅಡ್ಡಕ್ಕೆ ಬೀಸುತ್ತಿತ್ತು, ಎಡಗಡೆಯಿಂದ. ಕಣ್ಣಲ್ಲಿ ನೀರು ಬಂತು, ಅಳುವಿನದೋ ವೇಗದ್ದೋ ಅವಳಿಗೆ ತಿಳಿಯಲಿಲ್ಲ. ಏರಿನ ನೆತ್ತಿಗೆ ಬಂದಾಗ ಆಚೆ ಕಡೆ ರಸ್ತೆ ಇಳಿದು, ಬಿಳಿಯ ದಾರದಂತೆ ಕಿರಿದಾಗಿ, ದೂರದ ಮಬ್ಬಿನಲ್ಲಿ ಕರಗಿಹೋಗುತ್ತಿತ್ತು.

ಅಲ್ಲಿ ಅವಳು ತಿರುಗಿ ನೋಡಿದಳು. ಕೆಳಗೆ ಸ್ಮಶಾನದ ಗೇಟಿನ ಬಳಿ ಎಲ್ಲರೂ ಹಾಗೆಯೇ ನಿಂತಿದ್ದರು, ಬೆರಳ ತುದಿಯಷ್ಟು ಸಣ್ಣವರಾಗಿ. ಹೊತ್ತು ದಣಿದ ಆರು ಜನ ಶವಪೆಟ್ಟಿಗೆಯನ್ನು ಹುಲ್ಲಿನ ಮೇಲೆ ಇಳಿಸಿ, ಅದರ ಪಕ್ಕದಲ್ಲೇ ಕುಳಿತು, ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟುಕೊಂಡು ಅವಳು ಹೋದ ದಾರಿಯನ್ನೇ ನೋಡುತ್ತ ಕಾಯುತ್ತಿದ್ದರು.